ಕುಂಬಾರನ ಕತ್ತೆ ಮತ್ತು ಕರಗಿದ ಗುಳ್ಳೆ

ಫಿಟ್ಸ್ ಬಂದ ಮಗುವಿನ ತಲೆಯ ಸಿ.ಟಿ. ಚಿತ್ರದಲ್ಲಿ ಕಡಲೆಕಾಳಿನಷ್ಟು ದೊಡ್ಡ ಬಿಳಿಯ ಉಂಗುರ ಕಾಣುತ್ತದೆ. ಕೆಲವು ತಿಂಗಳ ಮೇಲೆ ಮತ್ತೆ ಚಿತ್ರ ತೆಗೆಸಿದರೆ ಆ ಜಾಗ ಖಾಲಿ. ಈ ನಡುವೆ ಮನೆಯವರು ಮುಡಿಪು ಕಟ್ಟಿರುತ್ತಾರೆ, ವೈದ್ಯರು ಮಾತ್ರೆ ಬರೆದಿರುತ್ತಾರೆ. ವಾಸಿ ಮಾಡಿದವರು ಯಾರು? 1980ರ ದಶಕದಲ್ಲಿ ಈ ಪ್ರಶ್ನೆ ಭಾರತದ ನರರೋಗ ತಜ್ಞರನ್ನೇ ಕಾಡಿತು. ಇಂಥ ಉಂಗುರಗಳನ್ನು ಅನೇಕರು ಕ್ಷಯದ ಗಡ್ಡೆಗಳೆಂದು ಬಗೆದು ತಿಂಗಳುಗಟ್ಟಲೆ ಕ್ಷಯದ ಔಷಧ ಕೊಡುತ್ತಿದ್ದರು. ಉಂಗುರ ಮಾಯವಾದರೆ ಔಷಧ ಗೆದ್ದಿತೆನ್ನುತ್ತಿದ್ದರು. ಆದರೆ ಆ ಔಷಧ ಮುಟ್ಟದವರಲ್ಲೂ ಅದು ಮಾಯವಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಉಂಗುರವಾಗಿ ಕಾಣುವ ಈ ಗುಳ್ಳೆಯ ಚೂರು ತೆಗೆದು ಪರೀಕ್ಷಿಸಿ, ಇದು ಹಂದಿಯ ಲಾಡಿಹುಳುವಿನ ಮರಿಯ ಕೆಲಸವೆಂದು 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು.

ಈ ಹುಳುವಿನ ಮೊಟ್ಟೆ ಮನುಷ್ಯನ ಮಲದಿಂದ ನೀರಿಗೆ, ತರಕಾರಿಗೆ, ಕೈಗೆ ಅಂಟಿ ಹೊಟ್ಟೆ ಸೇರುತ್ತದೆ. ಆದ್ದರಿಂದ ಮಾಂಸ ಮುಟ್ಟದವರಿಗೂ ಇದು ತಪ್ಪಿದ್ದಲ್ಲ. ಮಿದುಳು ಸೇರಿದ ಮರಿ ಬದುಕಿರುವಷ್ಟು ಕಾಲ ಮೈಯ ಕಾವಲಿನ ಕಣ್ಣು ತಪ್ಪಿಸಿ ಸದ್ದಿಲ್ಲದೆ ಇರುತ್ತದೆ. ಅದು ಸಾಯತೊಡಗಿದಾಗ ಕಾವಲು ಎಚ್ಚರಗೊಂಡು ಮುತ್ತಿಗೆ ಹಾಕುತ್ತದೆ, ಸುತ್ತಲೂ ಬಾವು ಏಳುತ್ತದೆ, ಫಿಟ್ಸ್ ಬರುತ್ತದೆ. ರೋಗ ಶುರುವಾಯಿತೆಂದು ಮನೆಯವರು ನಡುಗುವ ಆ ಗಳಿಗೆಯಲ್ಲೇ ಹುಳುವಿನ ಅಂತ್ಯವೂ ಶುರುವಾಗಿರುತ್ತದೆ. ಹರಕೆ ಹೊರುವುದು ಆಗ, ಔಷಧ ಹಿಡಿಯುವುದೂ ಆಗ. ನಮ್ಮ ನ್ಯಾಯದರ್ಶನದ ತಾರ್ಕಿಕರು ಇಂಥ ಕಡೆ ಎಡವದಿರಲೆಂದೇ ಕುಂಬಾರನ ಕತ್ತೆಯನ್ನು ತೋರಿಸಿದರು. ಮಣ್ಣು ಹೊತ್ತು ತಂದ ಕತ್ತೆ ಮಡಕೆಗಿಂತ ಮುಂಚೆ ಇತ್ತು, ನಿಜ. ಆದರೆ ಆ ಕತ್ತೆ ಇಲ್ಲದೆಯೂ ಮಡಕೆ ಆಗುತ್ತದೆ, ಹಾಗಾಗಿ ಅದು ಕಾರಣವಲ್ಲ, ‘ಅನ್ಯಥಾಸಿದ್ಧ’. ಕ್ಷಯದ ಔಷಧವೂ ಇಲ್ಲಿ ಆ ಕತ್ತೆಯೇ. ವೈದ್ಯರಿಗೆ ಹಿಡಿದ ಅಳತೆಗೋಲನ್ನು ಹರಕೆಗೆ ಹಿಡಿಯಬಾರದೆನ್ನಲು ನ್ಯಾಯವಿಲ್ಲ.

ಹುಳು ಸತ್ತದ್ದೂ ಮೈ ಗುಣವಾದದ್ದೂ ದೇವರ ಇಚ್ಛೆಯೇ ಅಲ್ಲವೇ ಎಂದು ಭಕ್ತರು ಕೇಳಬಹುದು. ಆ ನಂಬಿಕೆಗೂ ಸ್ಕ್ಯಾನಿಗೂ ಜಗಳವಿಲ್ಲ. ಆದರೆ ಆ ದೇವರು ಹರಕೆ ಹೊರದ ಮನೆಯಲ್ಲೂ ಅಷ್ಟೇ ದುಡಿದಿದ್ದಾನೆ ಎಂಬುದನ್ನೂ ಒಪ್ಪಬೇಕಾಗುತ್ತದೆ. ಇದು ಬರಿಯ ತರ್ಕದ ಮಾತಲ್ಲ. ಕೆಲವರಲ್ಲಿ ಗುಳ್ಳೆ ಕರಗದೆ ಸುಣ್ಣಗಟ್ಟಿ ಚುಕ್ಕೆಯಾಗಿ ಉಳಿಯುತ್ತದೆ, ಫಿಟ್ಸ್ ಮರುಕಳಿಸುತ್ತದೆ. ವಾಸಿಯಾದದ್ದು ಹರಕೆಯ ಫಲವೆಂದು ಸಾರಿದರೆ, ವಾಸಿಯಾಗದ ಮಗುವಿನ ತಾಯಿಗೆ ನಿನ್ನ ಭಕ್ತಿ ಸಾಲದಾಯಿತೆಂದು ಹೇಳಿದಂತಾಗುತ್ತದೆ. ಒಬ್ಬಳ ಸಂತೋಷ ಇನ್ನೊಬ್ಬಳ ಮೇಲೆ ಅಪರಾಧ ಹೊರಿಸುವಂಥ ಧರ್ಮ ಧರ್ಮವಲ್ಲ.

ತಾನಾಗಿ ಹೋಗುವುದಾದರೆ ವೈದ್ಯರಾದರೂ ಏಕೆ ಎಂಬ ಇನ್ನೊಂದು ಆಕ್ಷೇಪ ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಶಿಷ್ಯ ಅಗ್ನಿವೇಶ ಗುರುವನ್ನು ಇದನ್ನೇ ಕೇಳುತ್ತಾನೆ: ಎಲ್ಲವೂ ಸ್ವಭಾವದಿಂದಲೇ ಅಳಿಯುವುದಾದರೆ ಚಿಕಿತ್ಸಕನಿಗೇನು ಕೆಲಸ? ವಿಷಮಸ್ಥಿತಿ ಮುಂದುವರಿಯದಂತೆ, ಸಮಸ್ಥಿತಿ ನೆಲೆಸುವಂತೆ ಮಾಡುವುದು ಎಂಬುದು ಗುರುವಿನ ಉತ್ತರದ ಸಾರ. ಗುಳ್ಳೆ ತಾನಾಗಿ ಕರಗಿದರೂ ಅಷ್ಟರವರೆಗೆ ಫಿಟ್ಸ್ ತಡೆಯಲು ಮಾತ್ರೆ ಬೇಕು. ಗುಳ್ಳೆಗಳು ಹಲವಿದ್ದರೆ, ಮಿದುಳಿನ ನೀರಿನ ದಾರಿಗೆ ಅಡ್ಡವಾದರೆ ಕಾದು ಕೂರುವುದು ಅಪಾಯ. ಯಾವ ಗುಳ್ಳೆಗೆ ಕಾಯಬಹುದು ಎಂದು ಅರಿಯುವುದೂ ವೈದ್ಯವೇ. ಹಾಗಾದರೆ ಮುಡಿಪಿನ ಗಂಟು ಬಿಚ್ಚಬಾರದೇ? ಬಿಚ್ಚಲಿ, ದೇವರ ಮುಂದಿಡಲಿ. ಕೊಟ್ಟ ಮಾತಿನ ಬೆಲೆಯೆಂದು ಇಡುವುದು ಬೇಡ, ಕೇಳದಿದ್ದರೂ ಸಿಗುತ್ತಿದ್ದುದಕ್ಕೆ ಕೃತಜ್ಞತೆಯೆಂದು ಇಡಲಿ. ಅದೇ ಗುಡಿಯ ಕಂಬದ ಬಳಿ ಇನ್ನೂ ಗುಣವಾಗದ ಮಗುವನ್ನು ಎತ್ತಿಕೊಂಡು ನಿಂತ ತಾಯಿ ಆಗ ತಲೆ ತಗ್ಗಿಸಬೇಕಾಗಿಲ್ಲ.