ನಾಯಕತ್ವವು ಕಲಿಸಬಹುದಾದ ವಿದ್ಯೆಯೆ?

ಎಂಜಿನಿಯರಿಂಗ್ ಓದುವವರಿಗೆ ಯಂತ್ರ, ಸೇತುವೆ, ವಿದ್ಯುಜ್ಜಾಲಗಳ ತಿಳಿವಳಿಕೆಯೊಂದೇ ಸಾಲದು, ನಾಯಕತ್ವ ಮತ್ತು ನಿರ್ವಹಣೆಯ ಕೌಶಲಗಳೂ ಬೇಕು ಎಂಬ ಮಾತು ಕಾಲೇಜಿನ ಪ್ರಾಸ್ಪೆಕ್ಟಸ್ಸಿನಿಂದ ಹಿಡಿದು ಪ್ಲೇಸ್‌ಮೆಂಟ್ ತರಬೇತಿಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಆದರೆ ಅದರೊಳಗೆ ಎರಡು ಬೇರೆ ಬೇರೆ ಸಂಗತಿಗಳು ಒಂದರ ಮರೆಯಲ್ಲಿ ಇನ್ನೊಂದು ನಿಂತಿವೆ. ನಿರ್ವಹಣೆಯೆಂದರೆ ಗೊತ್ತಾದ ಗುರಿಯೊಂದಕ್ಕೆ ಜನ, ಹಣ, ಕಾಲ, ಸಾಮಗ್ರಿಗಳನ್ನು ಹೊಂದಿಸಿ ನಡೆಸುವ ಬಗೆ. ನಾಯಕತ್ವವೆಂದರೆ ಇತರರ ಪರವಾಗಿ ನಿರ್ಧಾರ ಮಾಡಿ, ಅದರ ಫಲಕ್ಕೆ ತಾನೇ ಹೊಣೆಯಾಗುವುದು. ಮೊದಲನೆಯದು ಕೌಶಲವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಅದನ್ನು ಪಾಠ ಹೇಳಬಹುದು, ಅಭ್ಯಾಸ ಮಾಡಿಸಬಹುದು, ಪರೀಕ್ಷಿಸಿ ಅಂಕ ಕೊಡಬಹುದು. ಎರಡನೆಯದೂ ಅದೇ ಜಾತಿಯದೆ, ಇಪ್ಪತ್ತರ ಹರೆಯದಲ್ಲಿ ಸೆಮಿಸ್ಟರುಗಳ ಲೆಕ್ಕದಲ್ಲಿ ಗಳಿಸಬಹುದಾದದ್ದೆ ಎಂಬುದು ಶಿಕ್ಷಣದ ಪ್ರಶ್ನೆಯಾಗುವ ಮೊದಲು ತತ್ತ್ವಶಾಸ್ತ್ರದ ಪ್ರಶ್ನೆ.

ಆಧುನಿಕ ನಿರ್ವಹಣಾಶಾಸ್ತ್ರ ರೂಪುಗೊಂಡದ್ದು ಬಹುಮಟ್ಟಿಗೆ ಎಂಜಿನಿಯರುಗಳ ಕೈಯಲ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. 1883ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ಅಮೆರಿಕದ ಫ್ರೆಡರಿಕ್ ಟೇಲರ್, 1911ರಲ್ಲಿ ವೈಜ್ಞಾನಿಕ ನಿರ್ವಹಣೆಯನ್ನು ಕುರಿತ ತನ್ನ ಪುಸ್ತಕವನ್ನು ಪ್ರಕಟಿಸಿದ. ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಕಚ್ಚಾ ಕಬ್ಬಿಣದ ಗಟ್ಟಿಗಳನ್ನು ಹೊರುವ ಕೂಲಿಯೊಬ್ಬ ದಿನಕ್ಕೆ ಹನ್ನೆರಡೂವರೆ ಟನ್ ಹೊರುತ್ತಿದ್ದವನು, ಕೆಲಸ ಮತ್ತು ವಿರಾಮದ ಪ್ರತಿ ನಿಮಿಷವನ್ನೂ ಮೇಲಿನವರು ಗೊತ್ತುಮಾಡಿದ ಬಳಿಕ ನಲವತ್ತೇಳೂವರೆ ಟನ್ ಹೊರತೊಡಗಿದನೆಂದೂ, ಅವನ ಕೂಲಿ 1.15 ಡಾಲರಿನಿಂದ 1.85 ಡಾಲರಿಗೆ ಏರಿತೆಂದೂ ಆತ ಹೆಮ್ಮೆಯಿಂದ ಬರೆಯುತ್ತಾನೆ. ಹೊರೆ ನಾಲ್ಕುಪಟ್ಟಿನ ಹತ್ತಿರ ಬಂದಿತು, ಕೂಲಿ ಎರಡುಪಟ್ಟೂ ಆಗಲಿಲ್ಲ. ಈ ಅಂತರವನ್ನು ಮಾತ್ರ ಟೇಲರನ ಗಡಿಯಾರ ಅಳೆಯಲಿಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫೆಯೋಲ್ 1916ರಲ್ಲಿ ಆಡಳಿತದ ಹದಿನಾಲ್ಕು ತತ್ತ್ವಗಳನ್ನು ನಿರೂಪಿಸಿದ್ದಲ್ಲದೆ, ಎಂಜಿನಿಯರಿಂಗ್ ಶಾಲೆಗಳು ಗಣಿತವನ್ನು ಅತಿಯಾಗಿ ಕಲಿಸಿ ಆಡಳಿತವನ್ನು ಕಲಿಸುವುದೇ ಇಲ್ಲವೆಂದು ಆಕ್ಷೇಪಿಸಿದ. ಆಡಳಿತವನ್ನು ಶಾಲೆಯಲ್ಲಿಯೇ ಕಲಿಸಬಹುದು, ಕಲಿಸಬೇಕು ಎಂಬುದು ಅವನ ವಾದದ ತಿರುಳು. 1998ರಲ್ಲಿ ಸ್ಥಾಪನೆಯಾಗಿ ಬೆಳಗಾವಿಯಿಂದ ನಡೆಯುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಮ್ಯಾನೇಜ್‌ಮೆಂಟ್ ಮತ್ತು ಎಂಟ್ರಪ್ರೆನರ್‌ಶಿಪ್ ಎಂಬ ಪತ್ರಿಕೆ ಸೇರಿದ್ದರ ಹಿಂದೆ ಇರುವುದು ಫೆಯೋಲನ ಈ ನಂಬಿಕೆಯೇ. ಪರೀಕ್ಷೆಯ ಹಿಂದಿನ ರಾತ್ರಿ ಆ ಹದಿನಾಲ್ಕು ತತ್ತ್ವಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅದು ತಿಳಿದಿರಬೇಕೆಂದೇನೂ ಇಲ್ಲ.

ಈ ನಂಬಿಕೆಗೆ ಬಹು ಹಿಂದೆಯೇ ಎದುರುವಾದ ಒಡ್ಡಿದವನು ಅರಿಸ್ಟಾಟಲ್. 'ನಿಕೊಮಾಕಿಯನ್ ಎಥಿಕ್ಸ್' ಗ್ರಂಥದ ಆರನೆಯ ಭಾಗದಲ್ಲಿ ಆತ ತೆಕ್ನೆ ಮತ್ತು ಫ್ರೋನೆಸಿಸ್ ಎಂಬ ಎರಡು ಬಗೆಯ ಅರಿವುಗಳನ್ನು ಬೇರ್ಪಡಿಸುತ್ತಾನೆ. ತೆಕ್ನೆಯೆಂದರೆ ತನ್ನಿಂದ ಹೊರಗಿರುವ ವಸ್ತುವೊಂದನ್ನು ಕಾರಣ ಬಲ್ಲವನಾಗಿ ಉಂಟುಮಾಡುವ ವಿದ್ಯೆ. ಮನೆ ಕಟ್ಟುವುದು ಅದಕ್ಕೆ ಅವನೇ ಕೊಡುವ ಉದಾಹರಣೆ. ಫ್ರೋನೆಸಿಸ್ ಎಂದರೆ ಈ ಸಂದರ್ಭದಲ್ಲಿ, ಈ ಜನರ ನಡುವೆ, ಒಳ್ಳೆಯ ಬಾಳಿಗೆ ತಕ್ಕುದಾಗಿ ಮಾಡಬೇಕಾದದ್ದು ಯಾವುದು ಎಂದು ಕಾಣಬಲ್ಲ ಬುದ್ಧಿ. ಕನ್ನಡದಲ್ಲಿ ವಿವೇಕವೆಂಬ ಪದವೇ ಅದಕ್ಕೆ ಹತ್ತಿರದ್ದು. ಎರಡರ ವ್ಯತ್ಯಾಸವನ್ನು ತೋರಿಸಲು ಆತ ಒಡ್ಡುವ ಪರೀಕ್ಷೆ ಬಹಳ ಹರಿತವಾದದ್ದು: ಬೇಕೆಂದೇ ತಪ್ಪು ಮಾಡಿದವನು ತೆಕ್ನೆಯಲ್ಲಿ ತಿಳಿಯದೆ ತಪ್ಪು ಮಾಡಿದವನಿಗಿಂತ ಮೇಲು, ವಿವೇಕದಲ್ಲಿ ಅವನಿಗಿಂತ ಕೀಳು. ವೆಲ್ಡಿಂಗ್ ಕಲಿಸುವವನು ಕೆಟ್ಟ ಬೆಸುಗೆ ಹೇಗಿರುತ್ತದೆಂದು ತೋರಿಸಲು ತಾನಾಗಿಯೇ ಒಂದು ಕೆಟ್ಟ ಬೆಸುಗೆ ಹಾಕಿದರೆ ಅದರಿಂದ ಅವನ ಕೈಚಳಕವೇ ಕಾಣುತ್ತದೆ; ಆದರೆ ತನ್ನ ಕೈಕೆಳಗಿನವರಿಗೆ ಅನ್ಯಾಯವಾಗುವುದೆಂದು ತಿಳಿದೂ ನಿರ್ಧಾರ ಮಾಡಿದ ಮುಖಂಡನನ್ನು ಯಾರೂ ಪಳಗಿದ ಮುಖಂಡನೆಂದು ಹೊಗಳುವುದಿಲ್ಲ. ಈ ಪರೀಕ್ಷೆಯಲ್ಲಿ ನಾಯಕತ್ವವು ಕೌಶಲದ ಸಾಲಿನಿಂದ ಹೊರಗೆ ಬೀಳುತ್ತದೆ.

ಅರಿಸ್ಟಾಟಲನ ಇನ್ನೊಂದು ಮಾತು ಎಂಜಿನಿಯರಿಂಗ್ ವಿದ್ಯಾರ್ಥಿಗೆ ನೇರವಾಗಿ ತಾಗುವಂಥದ್ದು. ಎಳೆಯ ವಯಸ್ಸಿನವರು ರೇಖಾಗಣಿತದಲ್ಲಿ, ಗಣಿತದಲ್ಲಿ ನಿಪುಣರಾಗಬಲ್ಲರು, ವಿವೇಕಿಗಳಾಗಲಾರರು. ಗಣಿತದ ಸತ್ಯಗಳು ಅನುಭವವನ್ನು ಬೇಡುವುದಿಲ್ಲ, ವಿವೇಕಕ್ಕೆ ಬೇಕಾದದ್ದು ಬಿಡಿಬಿಡಿ ಪ್ರಸಂಗಗಳ ಪರಿಚಯ, ಅದು ಬರುವುದು ಕಾಲ ಕಳೆದಂತೆ. ಕ್ಯಾಲ್ಕುಲಸ್ಸಿನಲ್ಲಿ ನೂರಕ್ಕೆ ನೂರು ತೆಗೆದವನಿಗೆ ಗುಂಪಿನಲ್ಲಿ ಮುನಿಸಿಕೊಂಡ ಒಬ್ಬನನ್ನು ಹೇಗೆ ಮಾತನಾಡಿಸಬೇಕೆಂದು ತಿಳಿಯದೆ ಹೋಗುವುದರಲ್ಲಿ ಹಾಗಾದರೆ ಅಚ್ಚರಿಯಿಲ್ಲ. ಇಷ್ಟಕ್ಕೇ ನಿಂತರೆ ತಲೆ ನರೆಯುವವರೆಗೆ ಕಾಯುವುದೊಂದೇ ದಾರಿಯೆಂದಾಗುತ್ತದೆ. ಆದರೆ ಅದೇ ಗ್ರಂಥದ ಎರಡನೆಯ ಭಾಗದಲ್ಲಿ, ಕಟ್ಟಿ ಕಟ್ಟಿಯೇ ಕಟ್ಟುವವರಾಗುವಂತೆ ನ್ಯಾಯವಾದ ಕೆಲಸಗಳನ್ನು ಮಾಡಿ ಮಾಡಿಯೇ ಜನ ನ್ಯಾಯವಂತರಾಗುತ್ತಾರೆ ಎಂದು ಆತ ಒಪ್ಪುತ್ತಾನೆ. ಪಾಠದಿಂದ ಬಾರದಿದ್ದದ್ದು ರೂಢಿಯಿಂದ ಬರಬಹುದು. ಯಾವ ರೂಢಿ ಎಂಬುದೇ ಉಳಿದ ಪ್ರಶ್ನೆ.

ಕೌಶಲವೆಂಬ ಪದವನ್ನೇ ಭಾರತೀಯ ಚಿಂತನೆ ಬೇರೊಂದು ನೆಲೆಯಿಂದ ನೋಡಿದೆ. ಭಗವದ್ಗೀತೆಯ ಎರಡನೆಯ ಅಧ್ಯಾಯದ ಐವತ್ತನೆಯ ಶ್ಲೋಕ ಯೋಗವನ್ನು ಕರ್ಮದಲ್ಲಿನ ಕೌಶಲವೆಂದು ಕರೆಯುತ್ತದೆ. ಮ್ಯಾನೇಜ್‌ಮೆಂಟ್ ಉಪನ್ಯಾಸಗಳಲ್ಲಿ ಇದನ್ನು ಕೆಲಸವನ್ನು ಚುರುಕಾಗಿ, ಲೋಪವಿಲ್ಲದೆ ಮಾಡುವುದೇ ಯೋಗ ಎಂದು ತಿರುಗಿಸಿ ಹೇಳುವುದುಂಟು. ಹಾಗಾದರೆ ಜಾಣ ಕಳ್ಳನೂ ಯೋಗಿಯಾಗಬೇಕಾದೀತು. ಶಂಕರರ ಭಾಷ್ಯ ಈ ದಾರಿಯನ್ನು ಮುಚ್ಚಿಬಿಡುತ್ತದೆ: ಸ್ವಭಾವತಃ ಕಟ್ಟಿಹಾಕುವ ಕರ್ಮಗಳು ಸಮತ್ವಬುದ್ಧಿಯಿಂದ, ಅಂದರೆ ಲಾಭನಷ್ಟಗಳಲ್ಲಿ ಏರುಪೇರಾಗದ ಮನಸ್ಸಿನಿಂದ, ಆ ಸ್ವಭಾವವನ್ನು ಕಳೆದುಕೊಳ್ಳುವುದೇ ಅಲ್ಲಿನ ಕೌಶಲ. ಕೌಶಲವಿರುವುದು ಕೈಯ ವೇಗದಲ್ಲಲ್ಲ, ಮಾಡುವವನ ಮನಸ್ಸಿನ ಸ್ಥಿತಿಯಲ್ಲಿ. ಮೂರನೆಯ ಅಧ್ಯಾಯದಲ್ಲಿ ಬರುವ ಲೋಕಸಂಗ್ರಹದ ವಿಚಾರವನ್ನು, ಎಂದರೆ ಜನಸಮುದಾಯ ಚದುರದಂತೆ, ದಾರಿ ತಪ್ಪದಂತೆ ಹಿಡಿದು ನಡೆಸುವ ವಿಚಾರವನ್ನು, ಇದರ ಜೊತೆಗಿಟ್ಟು ಓದಬೇಕು. ಶ್ರೇಷ್ಠನಾದವನು ನಡೆದಂತೆ ಉಳಿದವರು ನಡೆಯುತ್ತಾರೆಂದು ಅಲ್ಲಿ ಹೇಳಿರುವುದು ಅವನಿಗೆ ಕೊಟ್ಟ ಅಧಿಕಾರವಲ್ಲ, ಅವನ ಮೇಲೆ ಹೊರಿಸಿದ ಭಾರ. ಮುಂದಿರುವವನು ಏನು ಹೇಳುತ್ತಾನೆಂಬುದಕ್ಕಿಂತ ಏನು ಮಾಡುತ್ತಾನೆಂಬುದನ್ನು ಹಿಂದಿರುವವರು ನೋಡುತ್ತಿರುತ್ತಾರೆ.

ಎಂಜಿನಿಯರನ ಬುದ್ಧಿಯನ್ನೂ ನಿರ್ವಾಹಕನ ಬುದ್ಧಿಯನ್ನೂ ಬೇರೆ ಬೇರೆ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1986ರ ಜನವರಿ 27ರ ರಾತ್ರಿ ನಡೆದ ದೂರವಾಣಿ ಸಭೆ ಸಾಕ್ಷಿಯಾಗಿದೆ. ಚಾಲೆಂಜರ್ ಬಾಹ್ಯಾಕಾಶ ನೌಕೆಯ ಘನ ಇಂಧನದ ರಾಕೆಟ್ಟುಗಳನ್ನು ತಯಾರಿಸಿದ್ದ ಮಾರ್ಟನ್ ಥಿಯೊಕೋಲ್ ಸಂಸ್ಥೆಯ ಎಂಜಿನಿಯರುಗಳು, ರಾಕೆಟ್ಟಿನ ಕೀಲುಗಳಲ್ಲಿರುವ ಓ-ರಿಂಗ್ ಎಂಬ ರಬ್ಬರಿನ ಬಳೆಗಳು ಚಳಿಯಲ್ಲಿ ಪೆಡಸಾಗಿ, ಬಿಸಿ ಅನಿಲವನ್ನು ತಡೆಯಲಾರವೆಂದು ಶಂಕಿಸಿ, 53 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್ಸಿಗಿಂತ, ಕಡಿಮೆ ಉಷ್ಣತೆಯಲ್ಲಿ ಉಡಾವಣೆ ಬೇಡವೆಂದರು. ನಾಸಾದ ಕಡೆಯವರು ಈ ಸಲಹೆಗೆ ತೀವ್ರವಾಗಿ ಆಕ್ಷೇಪಿಸಿದರು. ಆಗ ಸಂಸ್ಥೆಯವರು ತಮ್ಮತಮ್ಮಲ್ಲೇ ಸಮಾಲೋಚಿಸುತ್ತಿದ್ದಾಗ, ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷ ರಾಬರ್ಟ್ ಲಂಡ್ ಅವರಿಗೆ ಮೇಲಧಿಕಾರಿಯೊಬ್ಬರು ಎಂಜಿನಿಯರನ ಟೋಪಿ ತೆಗೆದಿಟ್ಟು ನಿರ್ವಾಹಕನ ಟೋಪಿ ಹಾಕಿಕೊಳ್ಳುವಂತೆ ಹೇಳಿದರೆಂದು ಮುಂದೆ ದುರಂತದ ತನಿಖೆ ನಡೆಸಿದ ರೋಜರ್ಸ್ ಆಯೋಗದ ವಿಚಾರಣೆಯಲ್ಲಿ ಹೊರಬಂದಿತು. ಸಲಹೆ ಬದಲಾಯಿತು. ಮರುದಿನ ಸುಮಾರು 2 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ಹಾರಿದ ನೌಕೆ 73 ಸೆಕೆಂಡುಗಳಲ್ಲಿ ಒಡೆದು ಏಳು ಜನ ಸತ್ತರು. ಆ ಸಭೆಯಲ್ಲಿ ನಿರ್ವಹಣೆಯ ಕೌಶಲಗಳಿಗೇನೂ ಕೊರತೆಯಿರಲಿಲ್ಲ. ಚರ್ಚೆಯೂ ನಡೆಯಿತು, ತೀರ್ಮಾನವೂ ಆಯಿತು, ಸಹಿ ಮಾಡಿದ ಕಾಗದವೂ ಹೋಯಿತು. ಆದರೆ ಹಾರಿಸುವುದು ಸುರಕ್ಷಿತವೆಂದು ಸಾಧಿಸಬೇಕಾದ ಕಡೆ ಅಪಾಯವಿದೆಯೆಂದು ಸಾಧಿಸುವ ಹೊರೆ ಎಂಜಿನಿಯರುಗಳ ಮೇಲೆ ಬಿದ್ದಿತು. ಈ ತಿರುವುಮುರುವನ್ನು ಗುರುತಿಸಿ ಒಪ್ಪದೆ ನಿಲ್ಲುವುದು ನಾಯಕತ್ವವಾಗುತ್ತಿತ್ತು.

ಟೋಪಿ ಬದಲಿಸುವ ಈ ಕಲ್ಪನೆಯ ಹಿಂದೆ ಒಂದು ಏಣಿಯ ಚಿತ್ರವಿದೆ: ಕೆಳಗೆ ಕೈಕೆಲಸ, ನಡುವೆ ತಾಂತ್ರಿಕ ಜ್ಞಾನ, ಮೇಲೆ ನಿರ್ವಹಣೆ. ಕೆಲವು ವರ್ಷ ಕೋಡ್ ಬರೆದು ಆಮೇಲೆ ಮ್ಯಾನೇಜರ್ ಆಗದವನು ಹಿಂದುಳಿದವನೆಂದು ಬೆಂಗಳೂರಿನ ಸಾಫ್ಟ್‌ವೇರ್ ವಲಯದ ಮನೆಮನೆಗಳಲ್ಲಿ ಭಾವಿಸುವುದು ಈ ಏಣಿಯನ್ನು ನಂಬಿಯೇ. ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವ ಈ ಏಣಿಯನ್ನು ಒಪ್ಪಲಿಲ್ಲ. ಕಾಯಕವೆಂದರೆ ದೇಹದುಡಿಮೆಯಿಂದ, ಶುದ್ಧವಾದ ಮನಸ್ಸಿನಿಂದ ಮಾಡುವ ವೃತ್ತಿ. ಅದರಲ್ಲಿ ದೊರೆ ಬಿಜ್ಜಳನ ಭಂಡಾರ ನೋಡಿಕೊಳ್ಳುವುದಕ್ಕೂ ಚಪ್ಪಲಿ ಹೊಲಿಯುವುದಕ್ಕೂ ಮೇಲುಕೀಳಿಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕ ಮಾಡಿಕೊಂಡಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲ್ಲದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆ ಶರಣಪರಂಪರೆಯಲ್ಲಿ ಪ್ರಸಿದ್ಧ. ಟೇಲರನ ಕಣ್ಣಿಗೆ ಅಂದು ಮಾರಯ್ಯನ ಉತ್ಪಾದನೆ ಏರಿತ್ತು. ಲಕ್ಕಮ್ಮನ ಕಣ್ಣಿಗೆ ಆಸೆ ಒಳಗೆ ಬಂದಿತ್ತು. ಆ ಮನೆಯಲ್ಲಿ ನಾಯಕತ್ವವಿದ್ದದ್ದು ಯಾರಲ್ಲಿ ಎಂದು ಕೇಳಿದರೆ ಉತ್ತರ ಕಷ್ಟವಲ್ಲ. ಅವಳಿಗೆ ಪದವಿಯಿರಲಿಲ್ಲ, ಅಧಿಕಾರವಿರಲಿಲ್ಲ. ಎಷ್ಟು ಸಾಕು ಎಂಬುದು ಗೊತ್ತಿತ್ತು.

ಹಾಗೆಂದು ಒಳ್ಳೆಯ ಎಂಜಿನಿಯರನಾದವನು ತಾನಾಗಿಯೇ ಒಳ್ಳೆಯ ನಾಯಕನಾಗುತ್ತಾನೆಂದೂ ಹೇಳಲಾಗದು. ಹಾಗೆ ಆಗುತ್ತಾನೆಂಬುದಕ್ಕೆ ಕನ್ನಡನಾಡಿನಲ್ಲಿ ಎಲ್ಲರೂ ಕೊಡುವ ನಿದರ್ಶನ ಸರ್ ಎಂ. ವಿಶ್ವೇಶ್ವರಯ್ಯನವರದು. ಮೈಸೂರಿನ ಮುಖ್ಯ ಎಂಜಿನಿಯರರಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭಿಸಿ, 1912ರಿಂದ 1918ರವರೆಗೆ ದಿವಾನರಾಗಿ ವಿಶ್ವವಿದ್ಯಾಲಯ, ಬ್ಯಾಂಕು, ಎಂಜಿನಿಯರಿಂಗ್ ಕಾಲೇಜುಗಳಿಗೆ ಬುನಾದಿ ಹಾಕಿದ ಅವರ ಸಾಧನೆ ದೊಡ್ಡದು. ಆದರೆ ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಜಾತಿಗಳಿಗೆ ತಕ್ಕ ಪಾಲು ಸಿಗಬೇಕೆಂಬ ಬೇಡಿಕೆ ಎದ್ದು, 1918ರಲ್ಲಿ ಅದರ ಪರಿಶೀಲನೆಗೆ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾದಾಗ, ದಕ್ಷತೆಯೊಂದನ್ನೇ ಅಳತೆಗೋಲಾಗಿ ಹಿಡಿದಿದ್ದ ದಿವಾನರಿಗೆ ಅದು ಒಪ್ಪಿಗೆಯಾಗದೆ ಅವರು ಹುದ್ದೆ ಬಿಟ್ಟರು. ನಂಬಿದ್ದಕ್ಕಾಗಿ ಅಧಿಕಾರ ಬಿಡುವುದು ಸಣ್ಣ ಗುಣವಲ್ಲ. ಆದರೂ ಇತಿಹಾಸ ಆ ಸಂದರ್ಭದಲ್ಲಿ ಅವರ ಕಡೆಗಿರಲಿಲ್ಲವೆಂದೇ ಹೇಳಬೇಕು. ಅಣೆಕಟ್ಟಿನ ಲೆಕ್ಕದಲ್ಲಿ ಎಂದೂ ತಪ್ಪದ ಅಳತೆಗೋಲು, ಯಾರಿಗೆ ಅಕ್ಷರವೇ ದಕ್ಕಿರಲಿಲ್ಲವೋ ಅವರ ಅರ್ಹತೆಯನ್ನು ಅಳೆಯಲು ಸಾಲದಾಯಿತು.

ಹಾಗಾದರೆ ವಿದ್ಯಾರ್ಥಿಗೆ ಈ ವಿವೇಕದ ರೂಢಿ ಎಲ್ಲಿ ಸಿಗಬೇಕು? ನಾಯಕತ್ವದ ಕಾರ್ಯಾಗಾರದಲ್ಲಿ ಅಲ್ಲ, ತಾಂತ್ರಿಕ ಕೆಲಸದ ಒಳಗೇ ಎಂಬುದನ್ನು ಸಿವಿಲ್ ವಿದ್ಯಾರ್ಥಿಗಳ ಸರ್ವೆ ಕ್ಯಾಂಪು ತೋರಿಸಿಕೊಡುತ್ತದೆ. ಹೊಸ ಕೆರೆಯ ಯೋಜನೆಗಾಗಿ ಒಂದು ಬ್ಯಾಚು ಬೆಂಚ್ ಮಾರ್ಕಿನಿಂದ, ಅಂದರೆ ಎತ್ತರ ಗೊತ್ತಿರುವ ಗುರುತಿನಿಂದ, ಹೊರಟು ಲೆವೆಲ್ ತೆಗೆಯುತ್ತಾ ಸ್ಥಳಕ್ಕೆ ಹೋಗಿ ಮತ್ತೆ ಅದೇ ಗುರುತಿಗೆ ಬಂದು ಮುಗಿಸುತ್ತದೆ. ಹೊರಟ ಎತ್ತರಕ್ಕೂ ಮುಗಿಸಿದ ಎತ್ತರಕ್ಕೂ ಬರುವ ವ್ಯತ್ಯಾಸವೇ ಕ್ಲೋಸಿಂಗ್ ಎರರ್. ಸಾಮಾನ್ಯ ಲೆವೆಲಿಂಗಿನಲ್ಲಿ ನಡೆದ ಕಿಲೋಮೀಟರುಗಳ ವರ್ಗಮೂಲವನ್ನು 24ರಿಂದ ಗುಣಿಸಿದಷ್ಟು ಮಿಲಿಮೀಟರ್ ವ್ಯತ್ಯಾಸಕ್ಕೆ ಪಠ್ಯಪುಸ್ತಕಗಳು ಅವಕಾಶ ಕೊಡುತ್ತವೆ. ನಾಲ್ಕು ಕಿಲೋಮೀಟರಿಗೆ 48. ಸಂಜೆ ಲೆಕ್ಕ ಹಾಕಿದಾಗ ವ್ಯತ್ಯಾಸ 96 ಬಂದಿದೆಯೆನ್ನೋಣ. ಬಿಸಿಲಿನ ಝಳದಲ್ಲಿ ಯಾರೋ ಸ್ಟಾಫ್ ಎಂಬ ಅಳತೆಕೋಲಿನ ಮೇಲೆ 1.345 ಮೀಟರ್ ಎಂಬುದನ್ನು 1.435 ಎಂದು ಓದಿರಬಹುದು. ಎಲ್ಲಿ ಎಂಬುದು ಗೊತ್ತಿಲ್ಲ. ನಡುವಿನ ಎರಡು ರೀಡಿಂಗುಗಳನ್ನು ತುಸು ತಿದ್ದಿದರೆ ಎಲ್ಲವೂ ಸರಿಹೊಂದುತ್ತದೆ. ಬ್ಯಾಕ್‌ಸೈಟುಗಳ, ಅಂದರೆ ಹಿಂದಿನ ಗುರುತಿನತ್ತ ನೋಡಿ ತೆಗೆದ ರೀಡಿಂಗುಗಳ, ಮೊತ್ತದಿಂದ ಫೋರ್‌ಸೈಟುಗಳ, ಅಂದರೆ ಮುಂದಿನ ಗುರುತಿನತ್ತ ತೆಗೆದವುಗಳ, ಮೊತ್ತವನ್ನು ಕಳೆದು ನೋಡುವ ತಾಳೆ ಕೂಡಿಸಿ ಕಳೆಯುವಾಗಿನ ತಪ್ಪನ್ನು ಮಾತ್ರ ಹಿಡಿಯುತ್ತದೆ, ತಿದ್ದಿದ ಅಂಕಿಯನ್ನು ಹಿಡಿಯುವುದಿಲ್ಲ. ಬ್ಯಾಚಿನವರು ದಣಿದಿದ್ದಾರೆ. ಬೆಳಗಿನಿಂದ ಸ್ಟಾಫ್ ಹಿಡಿದು ನಿಂತವನು ಒಬ್ಬನೇ. ಹುಡುಗಿಯರ ಪಾಲಿಗೆ ರೂಢಿಯಂತೆ ಫೀಲ್ಡ್ ಬುಕ್ ಬರೆಯುವ ಕೆಲಸ ಬಂದಿದೆ. ಉಪಕರಣದ ಹಿಂದೆ ಕಣ್ಣಿಟ್ಟು ನಿಲ್ಲುವ ಗೌರವ ಮಾತ್ರ ಇಬ್ಬರಲ್ಲೇ ಸುತ್ತುತ್ತಿದೆ. ನಾಳೆ ಇನ್ನೊಮ್ಮೆ ನಡೆಯೋಣ, ಈ ಸಲ ಕೆಲಸ ಬದಲಿಸಿಕೊಳ್ಳೋಣ ಎಂದು ಹೇಳುವವರು ಅಲ್ಲಿ ಬೇಕು, ಆ ಮಾತಿನಿಂದ ಆ ರಾತ್ರಿ ಯಾರ ಮೆಚ್ಚುಗೆಯೂ ಸಿಗದಿದ್ದರೂ ಸರಿ. ಸುಮಾರು ಹತ್ತು ಸೆಂಟಿಮೀಟರಿನ ತಪ್ಪು ಕಾಗದದ ಮೇಲೆ ಏನೂ ಅಲ್ಲ. ಕಟ್ಟಿದ ಕೆರೆಯಲ್ಲಿ ಕೋಡಿಯ ಎತ್ತರ ಅಷ್ಟು ಹೆಚ್ಚುಕಡಿಮೆಯಾದರೆ ನೀರು ಯಾರದೋ ಗದ್ದೆಯಲ್ಲಿ ನಿಲ್ಲುತ್ತದೆ. ಓ-ರಿಂಗಿನ ರಾತ್ರಿಗೂ ಈ ಸಂಜೆಗೂ ಪ್ರಮಾಣದಲ್ಲಿ ಹೋಲಿಕೆಯಿಲ್ಲ, ಪ್ರಶ್ನೆಯ ಜಾತಿ ಒಂದೇ.

ಫೀಲ್ಡ್ ಬುಕ್ಕಿನಲ್ಲಿ ತಪ್ಪಾದ ಅಂಕಿಯನ್ನು ರಬ್ಬರಿನಿಂದ ಅಳಿಸಬಾರದು, ಓದಲು ಬರುವಂತೆ ಒಂದು ಗೆರೆ ಎಳೆದು ಸರಿಯಾದುದನ್ನು ಮೇಲೆ ಬರೆಯಬೇಕು ಎಂಬುದು ಸರ್ವೆಯ ಹಳೆಯ ನಿಯಮ. ಎರಡನೆಯ ಸಲ ನಡೆದು ಅಳೆದ ಬ್ಯಾಚಿನ ಪುಸ್ತಕದಲ್ಲಿ ಇಂಥ ಗೆರೆಗಳು ಹೆಚ್ಚಿರುತ್ತವೆ, ರಾತ್ರಿ ಕೂತು ತಿದ್ದಿ ನಕಲು ತೆಗೆದ ಪುಸ್ತಕ ಅಂದವಾಗಿರುತ್ತದೆ. ಅಂದದ ಪುಸ್ತಕಕ್ಕೆ ಹೆಚ್ಚು ಅಂಕ ಕೊಡುವ ಅಭ್ಯಾಸ ಎಲ್ಲೆಲ್ಲಿ ಇದೆಯೋ ಅಲ್ಲಿನ ಅಧ್ಯಾಪಕರು, ನಾಯಕತ್ವದ ಬಗೆಗೆ ಇನ್ನೊಂದು ಉಪನ್ಯಾಸ ಏರ್ಪಡಿಸುವ ಮೊದಲು, ಅದನ್ನು ಕೈಬಿಡಬೇಕು.