ಸೀಸದ ಋಣ

ಕರ್ಮಕ್ಕೆ ಕರ್ತೃ ಯಾರು ಎಂಬ ಪ್ರಶ್ನೆಯನ್ನು ಭಾರತದ ದರ್ಶನಗಳು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರೂ, ಆ ಚರ್ಚೆಗಳಲ್ಲಿ ಉದಾಹರಣೆಯಾಗಿ ಬರುವ ಕರ್ಮಗಳು ಹೆಚ್ಚಾಗಿ ಒಬ್ಬ ಮನುಷ್ಯ ತನ್ನ ಕೈಯಾರೆ ಮಾಡಿ ಮುಗಿಸುವಂಥವು. ಒಂದು ಊರಿನ ಕಾರ್ಖಾನೆಯಲ್ಲಿ ತಯಾರಾಗಿ, ಇನ್ನೊಂದು ಊರಿನ ಅಂಗಡಿಯಲ್ಲಿ ಬಿಕರಿಯಾಗಿ, ಯಾರದೋ ಮನೆಯಲ್ಲಿ ನಾಲ್ಕಾರು ವರ್ಷ ದುಡಿದು, ಕೊನೆಗೆ ಗುರುತು ಪರಿಚಯವಿಲ್ಲದವನ ಕುಲುಮೆಯಲ್ಲಿ ಕರಗಿಹೋಗುವ ಬ್ಯಾಟರಿಯಂಥ ವಸ್ತುವಿನಿಂದಾಗುವ ಕೆಡುಕನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬುದು ಆ ಹಳೆಯ ಪ್ರಶ್ನೆಯ ಹೊಸ ರೂಪ. ಕೇಂದ್ರ ಸರ್ಕಾರ 2022ರ ಆಗಸ್ಟ್ ತಿಂಗಳಲ್ಲಿ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದಕ್ಕೆ ಒಂದು ಖಚಿತ ಉತ್ತರ ಕೊಟ್ಟಿವೆ: ತನ್ನ ಹೆಸರಿನಲ್ಲಿ ಬ್ಯಾಟರಿಯನ್ನು ಮಾರುಕಟ್ಟೆಗೆ ಬಿಟ್ಟವನೇ, ಅವನು ತಯಾರಕನಿರಲಿ ಆಮದುದಾರನಿರಲಿ, ಅದರ ಅಂತ್ಯಕ್ಕೂ ಹೊಣೆ. ‘ವಿಸ್ತೃತ ಉತ್ಪಾದಕ ಹೊಣೆಗಾರಿಕೆ’ ಎಂದು ಕರೆಯಲಾಗುವ ಈ ತತ್ತ್ವಕ್ಕೆ ಹೆಸರಿಟ್ಟವನು ಸ್ವೀಡನ್ನಿನ ಥಾಮಸ್ ಲಿಂಡ್‌ಕ್ವಿಸ್ಟ್. 1990ರಲ್ಲಿ ಅಲ್ಲಿನ ಪರಿಸರ ಸಚಿವಾಲಯಕ್ಕೆ ಕೊಟ್ಟ ವರದಿಯಲ್ಲಿ ಅವನು ಇದನ್ನು ಮಂಡಿಸಿದ. ಹೆಸರು ಸ್ವೀಡನ್ನಿನದಾದರೂ ಅದರ ಹಿಂದಿರುವ ತೊಡಕು ಕರಾವಳಿಯ ಶಾಸ್ತ್ರಪರಂಪರೆಗೆ ಹೊಸದಲ್ಲ.

ಬೈಂದೂರು ತಾಲ್ಲೂಕಿನ ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66 ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರವನ್ನೂ ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ಹೊಳೆಯನ್ನೂ ಇಟ್ಟುಕೊಂಡು ಸಾಗುತ್ತದೆ. ಕೊಲ್ಲೂರಿನ ಕಡೆಯಿಂದ ಇಳಿದುಬರುವ ಹೊಳೆ ಇಲ್ಲಿ ಕಡಲಿಗೆ ಇಷ್ಟು ಹತ್ತಿರ ಬಂದೂ ಅದನ್ನು ಸೇರದೆ, ತೆಂಕಕ್ಕೆ ತಿರುಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಾಗುತ್ತದೆ. ಪಡುವಣಕ್ಕೆ ಬಿಸುಟರೆ ಕಡಲಿಗೆ, ಮೂಡಣಕ್ಕೆ ಬಿಸುಟರೆ ಹೊಳೆಗೆ ಬೀಳುವ ಇಂಥ ಜಾಗದಲ್ಲಿ ‘ಹೊರಗೆ ಎಸೆಯುವುದು’ ಎಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ, ಏಕೆಂದರೆ ಅಲ್ಲಿ ಹೊರಗೆ ಎಂಬುದೇ ಇಲ್ಲ. ಈ ಕಡೆಯ ಮಾತಿನಲ್ಲಿ ‘ಬ್ಯಾಟ್ರಿ’ ಎಂದರೆ ಬಹುಕಾಲ ಕೈಯಲ್ಲಿ ಹಿಡಿದು ನಡೆಯುವ ಟಾರ್ಚು, ಅದರೊಳಗೆ ಹಾಕುವುದು ‘ಸೆಲ್ಲು’. ಶಕ್ತಿ ಮುಗಿದ ಸೆಲ್ಲನ್ನು ತೋಟದ ಮೂಲೆಗೆ ಎಸೆದರೆ ಕೇಳುವವರಿರಲಿಲ್ಲ. ಈಗ ಯಾಂತ್ರೀಕೃತ ದೋಣಿಯ ವೈರ್‌ಲೆಸ್, ಜಿಪಿಎಸ್ ಮತ್ತು ಮೀನು ಪತ್ತೆಮಾಡುವ ಯಂತ್ರ, ಮಳೆಗಾಲದಲ್ಲಿ ಕರೆಂಟು ಹೋದಾಗ ಮನೆ ಬೆಳಗುವ ಇನ್ವರ್ಟರ್, ಅಂಗಳದಲ್ಲಿ ನಿಂತ ಸ್ಕೂಟರ್ ಎಲ್ಲವೂ ಬ್ಯಾಟರಿಯನ್ನೇ ನಂಬಿವೆ.

ಇನ್ವರ್ಟರಿನ ಆ ಭಾರದ ಪೆಟ್ಟಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಪ್ಲಾಸ್ಟಿಕ್ ಕವಚದೊಳಗೆ ಸೀಸದ ತಗಡುಗಳು ಸಾಲಾಗಿ ನಿಂತು, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಪೆಟ್ಟಿಗೆಯ ಒಟ್ಟು ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸದ್ದೇ. ಪಕ್ಕದಲ್ಲಿ, ಗಾಲಿಯಿರುವ ಕಸದ ತೊಟ್ಟಿಯ ಮೇಲೆ ಅಡ್ಡಗೀಟು ಹಾಕಿದ ಚಿಹ್ನೆಯೂ ಅದರ ಕೆಳಗೆ ಸೀಸವನ್ನು ಸೂಚಿಸುವ ‘ಪಿಬಿ’ ಎಂಬ ಎರಡಕ್ಷರವೂ ಇರುತ್ತವೆ. ಸೀಸಕ್ಕೆ ಬೆಲೆಯಿರುವುದರಿಂದ ಈ ಬ್ಯಾಟರಿಯನ್ನು ಯಾರೂ ಕಡಲಿಗೆ ಎಸೆಯುವುದಿಲ್ಲ; ಹೊಸದು ಕೊಳ್ಳುವಾಗ ಹಳತಿನ ಬೆಲೆಯನ್ನು ಮುರಿದುಕೊಳ್ಳುತ್ತಾರೆ, ಇಲ್ಲವೇ ಗುಜರಿಗೆ ತೂಕಕ್ಕೆ ಹಾಕುತ್ತಾರೆ. ಕೆಡುಕು ಶುರುವಾಗುವುದು ಅದರ ನಂತರ. ಪರವಾನಗಿಯಿಲ್ಲದ ಕುಲುಮೆಗಳಲ್ಲಿ ಕವಚವನ್ನು ಕೊಡಲಿಯಿಂದ ಸೀಳಿ, ಆಮ್ಲವನ್ನು ಚರಂಡಿಗೆ ಚೆಲ್ಲಿ, ತಗಡುಗಳನ್ನು ತೆರೆದ ಬೆಂಕಿಯಲ್ಲಿ ಕರಗಿಸುತ್ತಾರೆ. ಹೊಗೆಯ ಜೊತೆ ಏಳುವ ಸೀಸದ ಹುಡಿ ಸುತ್ತಲಿನ ಮಣ್ಣಿನಲ್ಲಿ ಕೂರುತ್ತದೆ, ಮಣ್ಣಿನಲ್ಲಿ ಆಡುವ ಮಕ್ಕಳ ರಕ್ತಕ್ಕೆ ಇಳಿಯುತ್ತದೆ, ಅವರ ಬುದ್ಧಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಂದರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಒಂದು ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸವಿದೆ. ಭಾರತದಲ್ಲಿ ಈ ವಿಷದ ಕಡೆ ಗಮನ ಸೆಳೆದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ತುಪ್ಪಿಲ್ ವೆಂಕಟೇಶ್ ಮುಖ್ಯರು.

ಹಾಗಾದರೆ ಆ ಮಗುವಿನ ರಕ್ತದಲ್ಲಿರುವ ಸೀಸಕ್ಕೆ ಕರ್ತೃ ಯಾರು? ಕೊಡಲಿ ಹಿಡಿದವನು ಎಂದು ಹೇಳಿಬಿಡುವುದು ಸುಲಭ, ಅವನು ಕಣ್ಣಿಗೆ ಕಾಣುತ್ತಾನೆ. ಜೊತೆಗೆ ಅವನು ಬಡವ, ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವನೂ ಅವನೇ. ಜೈನರ ತತ್ತ್ವಾರ್ಥಸೂತ್ರ ಕರ್ಮವನ್ನು ವಿಭಾಗಿಸುವಾಗ ಕೃತ, ಕಾರಿತ, ಅನುಮತ ಎಂಬ ಮೂರು ಬಗೆಗಳನ್ನು ಹೇಳುತ್ತದೆ: ಕೃತವೆಂದರೆ ತಾನೇ ಮಾಡಿದ್ದು, ಕಾರಿತವೆಂದರೆ ಇನ್ನೊಬ್ಬನಿಂದ ಮಾಡಿಸಿದ್ದು, ಅನುಮತವೆಂದರೆ ಮಾಡಿದ್ದಕ್ಕೆ ಒಪ್ಪಿಗೆಯಿತ್ತದ್ದು; ಮೂರರಿಂದಲೂ ಕರ್ಮದ ಒಳಹರಿವು ಉಂಟು. ಈ ವಿಭಾಗದಂತೆ ನೋಡಿದರೆ ಕುಲುಮೆಯವನದು ಕೃತ, ವಸ್ತುವನ್ನು ಲೋಕಕ್ಕೆ ಬಿಟ್ಟು ಅದರ ಕೊನೆಯನ್ನು ಯೋಚಿಸದ ಉತ್ಪಾದಕನದು ಕಾರಿತಕ್ಕೆ ಹತ್ತಿರವಾದದ್ದು, ಹಳತಿನ ಬೆಲೆ ಮುರಿದುಕೊಂಡು ಮುಂದಿನದನ್ನು ಕೇಳದೆ ಮನೆಗೆ ಹೋದ ಗ್ರಾಹಕನದು ಅನುಮತ. ಉಡುಪಿಯ ಮಧ್ವಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಇದೇ ತೊಡಕನ್ನು ಬೇರೊಂದು ದಿಕ್ಕಿನಿಂದ ನೋಡುತ್ತಾರೆ. ಜೀವ ಸ್ವತಂತ್ರನಲ್ಲ, ಅವನ ಕರ್ತೃತ್ವ ಪರಾಧೀನ, ಹಾಗಿದ್ದೂ ಅವನು ಕರ್ತೃವೇ ಎಂಬುದಕ್ಕೆ ಅವರು ಬಡಗಿಯ ದೃಷ್ಟಾಂತವನ್ನು ವಿವರಿಸುತ್ತಾರೆ: ಬಡಗಿ ಮಾಡಿಸುವವನ ಹತೋಟಿಗೆ ಒಳಪಟ್ಟೂ ಕೆಲಸ ಮಾಡುವವನೇ ಆಗಿರುತ್ತಾನೆ. ಆ ದೃಷ್ಟಾಂತದ ಉದ್ದೇಶ ಜೀವೇಶ್ವರರ ಸಂಬಂಧವನ್ನು ತಿಳಿಸುವುದೇ ಹೊರತು ಕಾರ್ಖಾನೆಯ ವ್ಯವಹಾರವನ್ನಲ್ಲ, ಅದನ್ನು ಇಲ್ಲಿಗೆ ಎಳೆಯುವುದರಲ್ಲಿ ಒಂದಿಷ್ಟು ಸಲಿಗೆಯಿದೆ. ಆದರೂ ಮಾಡುವವನಿರುವಾಗಲೇ ಮಾಡಿಸುವವನೂ ಇರುತ್ತಾನೆ, ಒಬ್ಬನ ಕರ್ತೃತ್ವ ಇನ್ನೊಬ್ಬನದನ್ನು ಅಳಿಸುವುದಿಲ್ಲ ಎಂಬಷ್ಟನ್ನು ಅದರಿಂದ ಪಡೆಯಬಹುದು.

ಕಾನೂನು ಈ ತಿಳಿವಿಗೆ ಬರಲು ಸಮಯ ಹಿಡಿಯಿತು. 2001ರ ನಿಯಮಗಳು ಸೀಸ-ಆಮ್ಲದ ಬ್ಯಾಟರಿಗೆ ಮಾತ್ರ ಅನ್ವಯಿಸುತ್ತಿದ್ದವು; 2022ರವು ಟಾರ್ಚಿನ ಸೆಲ್ಲಿನಿಂದ ವಿದ್ಯುತ್ ವಾಹನದ ಬ್ಯಾಟರಿಯವರೆಗೆ ಎಲ್ಲವನ್ನೂ ಒಳಗೊಂಡು, ಬ್ಯಾಟರಿಯನ್ನು ಹೂಳುವುದನ್ನೂ ಸುಡುವುದನ್ನೂ ನಿಷೇಧಿಸಿವೆ. ಉತ್ಪಾದಕ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬೇಕು, ಮರುಬಳಕೆ ಘಟಕ ರಾಜ್ಯ ಮಂಡಳಿಯಲ್ಲಿ ನೋಂದಾಯಿಸಬೇಕು, ನೋಂದಣಿಯಿಲ್ಲದವರೊಡನೆ ನೋಂದಾಯಿತರು ವ್ಯವಹರಿಸುವಂತಿಲ್ಲ. ಉತ್ಪಾದಕ ತಾನೇ ಹಳೆಯ ಬ್ಯಾಟರಿಗಳನ್ನು ಒಟ್ಟುಮಾಡಬೇಕೆಂದೇನಿಲ್ಲ; ಘಟಕವೊಂದು ಇಂತಿಷ್ಟು ಲೋಹವನ್ನು ಮರಳಿ ಪಡೆದದ್ದಕ್ಕೆ ಹುಟ್ಟುವ ಪ್ರಮಾಣಪತ್ರವನ್ನು ಕೊಂಡು ತನ್ನ ಹೊಣೆಯ ಲೆಕ್ಕಕ್ಕೆ ಜಮೆ ಮಾಡಿಕೊಳ್ಳಬಹುದು.

ಇಲ್ಲಿಯೇ ಧರ್ಮಶಾಸ್ತ್ರದ ಒಂದು ಹಳೆಯ ವಿವೇಕ ನೆನಪಿಗೆ ಬರಬೇಕು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯೆಯ ಪ್ರಾಯಶ್ಚಿತ್ತ ಭಾಗದಲ್ಲಿ, ಪಾಪಕ್ಕೆ ಎರಡು ಶಕ್ತಿಗಳಿವೆ ಎನ್ನುತ್ತಾನೆ: ಒಂದು ನರಕಕ್ಕೆ ಒಯ್ಯುವುದು, ಇನ್ನೊಂದು ಪಾಪಿಯೊಡನೆ ಇತರರು ವ್ಯವಹರಿಸದಂತೆ ತಡೆಯುವುದು. ತಿಳಿಯದೆ ಮಾಡಿದ್ದನ್ನು ಪ್ರಾಯಶ್ಚಿತ್ತ ಕಳೆಯಬಲ್ಲದು; ತಿಳಿದೇ ಮಾಡಿದ ಪಾಪದಲ್ಲಾದರೋ ಅದು ಎರಡನೆಯ ಶಕ್ತಿಯನ್ನು ಮಾತ್ರ ನಿವಾರಿಸಿ ಮನುಷ್ಯನನ್ನು ‘ವ್ಯವಹಾರ್ಯ’ನನ್ನಾಗಿ, ಅಂದರೆ ಜನ ಕೊಡು-ಕೊಳ್ಳಬಹುದಾದವನನ್ನಾಗಿ ಮಾಡುತ್ತದೆ, ಅಷ್ಟೇ. ಇಂದಿನ ನೋಂದಣಿ ಮಾಡುವುದು ಅಕ್ಷರಶಃ ಇಷ್ಟನ್ನೇ. ನೋಂದಣಿ ಸಂಖ್ಯೆ ಪಡೆದ ಸಂಸ್ಥೆ ವ್ಯವಹಾರ್ಯವಾಗುತ್ತದೆ. ಅದು ಶುದ್ಧವಾಯಿತೆಂದು ಕಾನೂನೂ ಹೇಳುವುದಿಲ್ಲ, ಹೇಳುವುದು ಆ ಸಂಸ್ಥೆಯ ಜಾಹೀರಾತು. ಸೀಸ ವಿಷವೆಂಬುದು ಎಲ್ಲರಿಗೂ ತಿಳಿದಿರುವ ಈ ಕಾಲದಲ್ಲಿ ಅರಿಯದೆ ಮಾಡಿದೆ ಎಂಬ ಮಾತಿಗೆ ಅವಕಾಶವೂ ಇಲ್ಲ.

ಪ್ರಮಾಣಪತ್ರದ ವಿಚಾರಕ್ಕೂ ಶಾಸ್ತ್ರದಲ್ಲಿ ಒಂದು ಹೋಲಿಕೆಯಿದೆ. ಕೃಚ್ಛ್ರವೆಂಬ ಉಪವಾಸದ ವ್ರತವನ್ನು ಮಾಡಲಾರದವನು ಅದಕ್ಕೆ ಬದಲಾಗಿ ಗೋದಾನ ಮಾಡಬಹುದು, ಗೋವು ಸಿಗದಿದ್ದರೆ ಅದರ ಬೆಲೆ ಕೊಡಬಹುದು. ಈ ಬದಲಿಗೆ ‘ಪ್ರತ್ಯಾಮ್ನಾಯ’ ಎಂದು ಹೆಸರು. ಹಸಿವೆಯಿಂದ ಆಗಬೇಕಾದದ್ದು ಹಣದಿಂದ ಆಗುತ್ತದೆಯೇ ಎಂಬ ಅನುಮಾನ ಇದ್ದೇ ಇದೆ, ಆದರೆ ಪ್ರತ್ಯಾಮ್ನಾಯದಲ್ಲಿ ಕೊನೆಯ ಪಕ್ಷ ಗೋವೋ ಹಣವೋ ಒಬ್ಬನ ಕೈಬಿಟ್ಟು ಇನ್ನೊಬ್ಬನ ಕೈಸೇರಬೇಕು. ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಇದೇ ಬಗೆಯ ಪ್ರಮಾಣಪತ್ರದ ವ್ಯವಸ್ಥೆ ಬಂದ ಮೇಲೆ, 2023ರಲ್ಲಿ ಕೇಂದ್ರ ಮಂಡಳಿಯ ತಪಾಸಣೆ ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ನಾಲ್ಕು ಮರುಬಳಕೆ ಘಟಕಗಳಲ್ಲಿ ಸುಮಾರು 6 ಲಕ್ಷ ಖೊಟ್ಟಿ ಪ್ರಮಾಣಪತ್ರಗಳನ್ನು ಪತ್ತೆಮಾಡಿತು. ಗೋವೇ ಇಲ್ಲದೆ ಗೋದಾನ ನಡೆದಿತ್ತು. ಆದರೂ ಬ್ಯಾಟರಿ ನಿಯಮಗಳಲ್ಲಿ ಮೆಚ್ಚಬೇಕಾದ ಅಂಶವೊಂದಿದೆ: ಗುರಿ ಮುಟ್ಟದ ಉತ್ಪಾದಕ ಪರಿಸರ ಪರಿಹಾರವೆಂಬ ದಂಡ ಕಟ್ಟಿದರೂ ಹೊಣೆಯಿಂದ ಬಿಡುಗಡೆಯಾಗುವುದಿಲ್ಲ, ಬಾಕಿ ಮುಂದಿನ ಮೂರು ವರ್ಷಗಳವರೆಗೆ ಅವನ ಬೆನ್ನಿಗಿರುತ್ತದೆ, ಒಂದು ವರ್ಷದೊಳಗೆ ಪೂರೈಸಿದರೆ ಕಟ್ಟಿದ ಹಣದಲ್ಲಿ ಶೇಕಡ 75, ಎರಡು ವರ್ಷದೊಳಗಾದರೆ 60, ಮೂರರೊಳಗಾದರೆ 40 ಮರಳುತ್ತದೆ. ಅಂದರೆ ಆ ಹಣ ಪಾಪದ ಬೆಲೆಯಲ್ಲ, ಒತ್ತೆ. ಬಹುಶಃ ಇಡೀ ನಿಯಮಾವಳಿಯಲ್ಲಿ ಧರ್ಮಶಾಸ್ತ್ರಕ್ಕೆ ತೀರ ಹತ್ತಿರ ಬರುವ ಮಾತು ಇದೇ.

ಉತ್ಪಾದಕನ ಮೇಲೆ ಹೊಣೆ ಹೊರಿಸಿ ಗ್ರಾಹಕ ಕೈತೊಳೆದುಕೊಳ್ಳಬಹುದೆಂದು ಇದರಿಂದ ಅರ್ಥವಾಗುವುದಿಲ್ಲ. ಬ್ಯಾಟರಿಯನ್ನು ಇತರ ಕಸದೊಡನೆ ಬೆರೆಸದೆ ಬೇರೆಯಾಗಿಟ್ಟು, ಅದನ್ನು ಒಟ್ಟುಮಾಡಲು ಅಧಿಕಾರವುಳ್ಳವರಿಗೆ ಕೊಡುವುದು ನಿಯಮದಂತೆ ಅವನ ಕರ್ತವ್ಯ. ಈ ಬಗೆಯ ಎಚ್ಚರವೂ ಇಲ್ಲಿಗೆ ಹೊಸದಲ್ಲ: 1432ರಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಕಾರ್ಕಳ ಇರುವುದು ಮರವಂತೆಯಿರುವ ಉಡುಪಿ ಜಿಲ್ಲೆಯಲ್ಲೇ. ಆ ಜೈನ ಪರಂಪರೆಯ ದಿಗಂಬರ ಮುನಿಗಳಿಗೆ ವಿಧಿಸಿದ ಐದು ಸಮಿತಿಗಳಲ್ಲಿ, ಅಂದರೆ ಎಚ್ಚರದ ನಡವಳಿಕೆಗಳಲ್ಲಿ, ಎರಡು ಈ ವಿಷಯಕ್ಕೇ ಸಂಬಂಧಿಸಿದವು. ಆದಾನ-ನಿಕ್ಷೇಪಣ ಸಮಿತಿಯೆಂದರೆ ವಸ್ತುವನ್ನು ಎತ್ತುವಾಗಲೂ ಇಡುವಾಗಲೂ ಜೀವಹಿಂಸೆಯಾಗದಂತೆ ನವಿಲುಗರಿಯ ಪಿಂಛಿಯಿಂದ ಜಾಗವನ್ನು ಸವರಿ ನೋಡುವುದು. ಉತ್ಸರ್ಗ ಸಮಿತಿಯೆಂದರೆ ಮಲಮೂತ್ರಾದಿ ತ್ಯಾಜ್ಯವನ್ನು ಜೀವಜಂತುವಿಲ್ಲದ ಜಾಗ ನೋಡಿ ವಿಸರ್ಜಿಸುವುದು. ಪಿಂಛಿ, ಕಮಂಡಲುಗಳಂಥ ಬೆರಳೆಣಿಕೆಯ ವಸ್ತುಗಳನ್ನಷ್ಟೇ ಇಟ್ಟುಕೊಂಡವನಿಗೆ ಇಷ್ಟು ಎಚ್ಚರವನ್ನು ವಿಧಿಸಿದ ಶಾಸ್ತ್ರ, ಮನೆಗೆ ನಾಲ್ಕು ಮೊಬೈಲು, ಎರಡು ರಿಮೋಟು, ಒಂದು ಇನ್ವರ್ಟರು ಇರುವ ಗೃಹಸ್ಥನಿಗೆ ಏನನ್ನು ವಿಧಿಸುತ್ತಿತ್ತೋ ಊಹಿಸಬಹುದು.

ಮರವಂತೆಯಲ್ಲಿ ಹೆದ್ದಾರಿಯ ಪಕ್ಕದಲ್ಲೇ, ಕಡಲಿಗೂ ಹೊಳೆಗೂ ನಡುವೆ, ಮಹಾರಾಜಸ್ವಾಮಿ ಎಂದು ಜನ ಕರೆಯುವ ವರಾಹಸ್ವಾಮಿಯ ದೇವಸ್ಥಾನವಿದೆ. ಕುಂದಗನ್ನಡದಲ್ಲಿ ಆಸಾಡಿ ಅಮಾಸಿ ಎನ್ನುವ ಕರ್ಕಾಟಕ ಅಮಾವಾಸ್ಯೆಯಂದು ಮೀನುಗಾರರೂ ಕೃಷಿಕರೂ ನವದಂಪತಿಗಳೂ ಬಂದು ಕಡಲಿನಲ್ಲೂ ಹೊಳೆಯಲ್ಲೂ ಮಿಂದು ಸ್ವಾಮಿಯ ದರ್ಶನ ಪಡೆಯುತ್ತಾರೆ. ನೀರಿನಾಳಕ್ಕೆ ಹೋದ ಭೂಮಿಯನ್ನು ಕೋರೆಹಲ್ಲಿನ ಮೇಲಿಟ್ಟು ಎತ್ತಿತಂದ ದೇವರು ಅವನು. ಭೂಮಿಯನ್ನು ಮುಳುಗಿಸಿದವನು ಹಿರಣ್ಯಾಕ್ಷ. ಚಿನ್ನದ ಕಣ್ಣಿನವನು ಎಂಬ ಆ ಹೆಸರನ್ನು, ಲೋಹದ ಬೆಲೆಯೊಂದನ್ನೇ ಕಂಡು ಮಣ್ಣನ್ನು ಕಾಣದವನು ಎಂದು ಓದಿದರೆ ತಪ್ಪಾಗಲಾರದು. ಕಥೆಯಲ್ಲಿ ಮುಳುಗಿಸಿದವನು ಬೇರೆ, ಎತ್ತಿದವನು ಬೇರೆ. 2022ರ ನಿಯಮಗಳು ಎತ್ತುವ ಕೆಲಸವನ್ನು ಮುಳುಗಿಸಿದವನ ಹೆಗಲಿಗೇ ಹಾಕಿವೆ. ಆ ಹೆಗಲು ಯಾರದೆಂದು ತಿಳಿಯುವುದು ಕಷ್ಟವೂ ಅಲ್ಲ: ಉತ್ಪಾದಕನ ನೋಂದಣಿ ಸಂಖ್ಯೆ ಬ್ಯಾಟರಿಯ ಜೊತೆಯಲ್ಲೇ ಬರಬೇಕು, ಅದನ್ನು ಕ್ಯೂಆರ್ ಕೋಡ್ ರೂಪದಲ್ಲೂ ಕೊಡಬಹುದೆಂದು 2025ರ ತಿದ್ದುಪಡಿ ಹೇಳಿದೆ. ಹಳೆಯ ಬ್ಯಾಟರಿಯನ್ನು ಅಂಗಡಿಯ ಕಟ್ಟೆಯ ಮೇಲಿಡುವವನು ಬೆಲೆ ಮುರಿದುಕೊಳ್ಳುವ ಮೊದಲು ಆ ಸಂಖ್ಯೆಯನ್ನೂ, ಅದು ಇಲ್ಲಿಂದ ಯಾವ ಘಟಕಕ್ಕೆ ಹೋಗುತ್ತದೆ ಎಂಬುದನ್ನೂ ಕೇಳಲಿ.