ಸಾಧನವೂ ಅಧಿಕಾರವೂ

ಕರ್ಮಕ್ಕೆ ಯಾರು ಅಧಿಕಾರಿಗಳೆಂಬ ವಿಚಾರವನ್ನು ಜೈಮಿನಿಯು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಎತ್ತಿಕೊಂಡಿದ್ದಾನೆ. ಯಾಗಕ್ಕೆ ಬೇಕಾದ ದ್ರವ್ಯವಿಲ್ಲದ ಬಡವನು ಅಧಿಕಾರಿಯೋ ಅಲ್ಲವೋ? ಅಲ್ಲವೆಂಬುದು ಪೂರ್ವಪಕ್ಷ. ದ್ರವ್ಯವು ನಿತ್ಯವಲ್ಲ, ಸಂಪಾದಿಸಬಹುದಾದದ್ದು. ಆದುದರಿಂದ ನಿರ್ಧನನೂ ಅಧಿಕಾರಿಯೇ ಎಂಬುದು ಸಿದ್ಧಾಂತ. ಶೂದ್ರನಿಗೆ ಬಾಗಿಲು ಮುಚ್ಚಿದ್ದೂ ಅದೇ ಅಧ್ಯಾಯವೆಂಬುದನ್ನು ಮರೆಯಲಾಗದು. ಅಧಿಕಾರವನ್ನು ಗೊತ್ತುಮಾಡುವ ನಿಯಮಗಳನ್ನು ಸದಾ ಪರೀಕ್ಷಿಸುತ್ತಿರಬೇಕೆಂಬುದಕ್ಕೆ ಅದೇ ಸಾಕ್ಷಿ.

ಬಡವನ ಅಧಿಕಾರದ ಆ ಪ್ರಶ್ನೆಯು ಇಂದು ವಿಶ್ವವಿದ್ಯಾಲಯಗಳಲ್ಲಿ ಹೊಸ ವೇಷದಿಂದ ಬಂದು ನಿಂತಿದೆ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನ ನಿಮಿತ್ತ ಕಾಲೇಜುಗಳು ಮುಚ್ಚಲು, ಪಾಠವೆಲ್ಲ ಅಂತರ್ಜಾಲದ ಪಾಲಾಯಿತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಭಾರತದಲ್ಲಿ ಗಣಕಯಂತ್ರವಿದ್ದ ಮನೆಗಳು ಹಳ್ಳಿಗಳಲ್ಲಿ ನೂರಕ್ಕೆ ಸುಮಾರು 4, ಪಟ್ಟಣಗಳಲ್ಲಿ ಸುಮಾರು 23. ಅಂತರ್ಜಾಲದ ಸೌಕರ್ಯವಿದ್ದ ಮನೆಗಳು ಕ್ರಮವಾಗಿ ಸುಮಾರು 15 ಮತ್ತು 42. ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಸಿಕ್ಕುವ ಗುಡ್ಡಗಳನ್ನು ಹುಡುಕಿ ಹತ್ತಿ ಕುಳಿತರು. ಅದೇ ಆಗಸ್ಟಿನಲ್ಲಿ ದೆಹಲಿ ವಿಶ್ವವಿದ್ಯಾಲಯವು ಅಂತಿಮ ವರ್ಷದವರಿಗೆ ಪುಸ್ತಕ ನೋಡಿ ಬರೆಯುವ ಪರೀಕ್ಷೆಯನ್ನು ಅಂತರ್ಜಾಲದ ಮೂಲಕವೇ ನಡೆಯಿಸಿತು. ಬರೆದ ಹಾಳೆಗಳ ಚಿತ್ರಗಳನ್ನು ಗೊತ್ತಾದ ವೇಳೆಯೊಳಗೆ ಕಳುಹಿಸಬೇಕು. ನಿಯಮವು ಎಲ್ಲರಿಗೂ ಒಂದೇ. ಆದರೆ ಹೀಗೆ ಅಳೆದದ್ದು ವಿದ್ಯೆಯನ್ನೋ ಯಂತ್ರವನ್ನೋ?

ಬೀದಿಯ ದೀಪದಡಿಯಲ್ಲಿ ಓದಿ ದೊಡ್ಡವರಾದವರಿಲ್ಲವೆ ಎಂದು ಕೆಲವರು ಆಕ್ಷೇಪಿಸುವರು. ದೀಪವು ಮಂದವಾದರೆ ಓದು ನಿಧಾನವಾದೀತು, ಪುಸ್ತಕವಂತೂ ಕೈಯಲ್ಲಿರುವುದು. ಪಾಠವೇ ಯಂತ್ರದೊಳಗಿಂದ ಬರುವಾಗ ಯಂತ್ರವಿಲ್ಲದವನಿಗೆ ಪಾಠವೇ ಇಲ್ಲ. ಕಷ್ಟವನ್ನು ಗೆದ್ದ ಒಬ್ಬನನ್ನು ಹೊಗಳುವುದು ಸುಲಭ. ಸೋತು ಹಿಂದುಳಿದವರ ಲೆಕ್ಕವನ್ನು ಆ ಹೊಗಳಿಕೆಯು ಮರೆಸಬಾರದು.

ದ್ರವ್ಯವನ್ನು ಸಂಪಾದಿಸಿಕೊಳ್ಳಬಹುದೆಂದು ಶಾಸ್ತ್ರವು ಹೇಳಿತು. ಯಾಗಕ್ಕೆ ಮುಂದಿನ ವಸಂತವುಂಟು. ನಾಳೆ ಬೆಳಗಿನ ಪರೀಕ್ಷೆಗೆ ಕೂರಬೇಕಾದ ಕೂಲಿಕಾರನ ಮಗಳಿಗೆ ಸಂಪಾದನೆಯ ಅವಕಾಶವೆಲ್ಲಿ? ಆದುದರಿಂದ ಸಾಧನವನ್ನು ಕಡ್ಡಾಯಮಾಡಿದವರೇ ಅದನ್ನು ಒದಗಿಸುವ ಹೊಣೆಯನ್ನೂ ಹೊರಬೇಕೆಂಬುದು ನ್ಯಾಯ. ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೊಬೈಲಿಗೆ ಹಾಕಿದ್ದ ಕಟ್ಟುಪಾಡಿನ ಮೊಕದ್ದಮೆಯಲ್ಲಿ ಕೇರಳದ ಹೈಕೋರ್ಟು 2019ರಲ್ಲಿಯೇ ಅಂತರ್ಜಾಲವನ್ನು ಬಳಸುವ ಹಕ್ಕು ವಿದ್ಯೆಯ ಹಕ್ಕಿನ ಅಂಗವೆಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರಕಾರವು ಸರಕಾರೀ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚಿತು. ಇವು ಒಳ್ಳೆಯ ಹೆಜ್ಜೆಗಳು. ಆದರೆ ಯಂತ್ರವನ್ನು ಕೊಟ್ಟಮಾತ್ರಕ್ಕೆ ಹೊಣೆ ತೀರದು. ಸಿಗ್ನಲ್ಲು, ಡೇಟಾದ ವೆಚ್ಚ, ಬಳಸುವ ಶಿಕ್ಷಣ, ಮನೆಯಲ್ಲಿ ಕುಳಿತು ಓದಲು ಒಂದು ಮೂಲೆ, ಇವೂ ಸಾಧನಗಳೇ. ಇವುಗಳನ್ನು ಒದಗಿಸಲಾರದ ಕಡೆ, ಕಾಗದದಲ್ಲಿ ಬರೆದು ಕೊಡುವ ಹಳೆಯ ದಾರಿಯನ್ನು ತೆರೆದಿಡುವುದು ವಿದ್ಯಾಸಂಸ್ಥೆಯ ಧರ್ಮ.